ಟಿಕಿಂಟರ್ ವಿಂಡೋದಲ್ಲಿ ಟೈಪಿಸಿದ್ದನ್ನು ಓದಿಕೊಳ್ಳುವುದು ಹೇಗೆ: ಕಾಫಿ ಕೊಯ್ಲಿನ ತೂಕದ ಪುಟ್ಟ ಪ್ರೋಗ್ರಾಂ

ಕೊಯ್ಲಿನ ಕಾಲದಲ್ಲಿ ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆಯ ತೋಟಗಳಲ್ಲಿ ಸಂಜೆ ಹಣ್ಣಿನ ಚೀಲಗಳು ಕಣಕ್ಕೆ ಬರುತ್ತವೆ, ತೂಕವಾಗುತ್ತದೆ, ರೈಟರು (ತೋಟದ ಗುಮಾಸ್ತರು) ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೊಯ್ದವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಈ ಪುಸ್ತಕದ ಒಂದು ಸಾಲನ್ನು ಕಂಪ್ಯೂಟರಿಗೆ ತರುವ ಸಣ್ಣ ವಿಂಡೋವೊಂದನ್ನು ಪೈಥಾನ್‌ನಲ್ಲಿ ಕಟ್ಟೋಣ. ಅದಕ್ಕೆ ಬಳಸುವುದು ಟಿಕಿಂಟರ್ ಎಂಬ, ವಿಂಡೋ ಮಾಡುವ ಪೈಥಾನ್ ಲೈಬ್ರರಿ. ನಾಲ್ಕು ಬಾಕ್ಸ್ ಸಾಕು: ಹೆಸರು, ತೂಕ, ಕೆಜಿಗೆ ದರ, ಷರಾ. ಕೆಳಗೆ ‘ಉಳಿಸು’ ಎಂಬ ಬಟನ್.

ವಿಂಡೋ ಬರಿಸುವುದಕ್ಕೆ ಹತ್ತು ನಿಮಿಷ ಬೇಕಾಗುವುದಿಲ್ಲ. ಬಾಕ್ಸಿನಲ್ಲಿ ಬಿದ್ದ ಅಕ್ಷರವನ್ನು ಸರಿಯಾದ ಹೊತ್ತಿಗೆ ತೆಗೆದುಕೊಂಡು, ಅದು ಲೆಕ್ಕಕ್ಕೆ ಬರುವಂಥದ್ದೇ ಎಂದು ನೋಡುವುದೇ ನಿಜವಾದ ಕೆಲಸ. ಹೆಚ್ಚಿನವರು ಎಡವುವುದೂ ಅಲ್ಲೇ.

ಒಂದು ಸೂಚನೆ. ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಎಡಿಟರ್‌ನಲ್ಲಿ ಇಂಪೋರ್ಟ್, ಡೆಫ್, ಎಂಟ್ರಿ, ಗೆಟ್ ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ನೀವೇ ಇಡುವ ಹೆಸರುಗಳನ್ನು ಮಾತ್ರ (ಕಿಟಕಿ, ತೂಕ_ಬಾಕ್ಸ್ ಇತ್ಯಾದಿ) ಕನ್ನಡದಲ್ಲೇ ಇಡಬಹುದು. ಪೈಥಾನ್ 3 ಅದನ್ನು ಒಪ್ಪುತ್ತದೆ.

ತಯಾರಿ

ವಿಂಡೋಸ್‌ನಲ್ಲಿ ಪೈಥಾನ್‌ನ ಅಧಿಕೃತ ಇನ್‌ಸ್ಟಾಲರ್ ಬಳಸಿದ್ದರೆ ಟಿಕಿಂಟರ್ ಅದರ ಜೊತೆಗೇ ಬಂದಿರುತ್ತದೆ. ಉಬುಂಟುವಿನಲ್ಲಿ ಬೇರೆಯಾಗಿ ಹಾಕಿಕೊಳ್ಳಬೇಕು. ಪ್ಯಾಕೇಜಿನ ಹೆಸರು ಪೈಥಾನ್3-ಟಿಕೆ. ಬಂದಿದೆಯೇ ಎಂದು ನೋಡಲು ಟರ್ಮಿನಲ್‌ನಲ್ಲಿ ‘ಪೈಥಾನ್ -ಎಂ ಟಿಕಿಂಟರ್’ ಎಂದು ಓಡಿಸಿ (ಉಬುಂಟುವಿನಲ್ಲಿ ‘ಪೈಥಾನ್3’ ಎಂದು ಕೊಡಿ). ಆವೃತ್ತಿ ಸಂಖ್ಯೆ ತೋರಿಸುವ ಪುಟ್ಟ ವಿಂಡೋ ಬಂದರೆ ಎಲ್ಲ ಸರಿ ಇದೆ.

ಫೈಲನ್ನು ಕೊಯ್ಲು.ಪಿವೈ ಎಂದೋ ಇನ್ನೇನೋ ಹೆಸರಿನಲ್ಲಿ ಉಳಿಸಿ, ಟಿಕಿಂಟರ್.ಪಿವೈ ಎಂದು ಮಾತ್ರ ಬೇಡ. ಆ ಹೆಸರಿಟ್ಟರೆ ಇಂಪೋರ್ಟ್ ಮಾಡುವಾಗ ಪೈಥಾನ್ ನಿಜವಾದ ಲೈಬ್ರರಿಯನ್ನು ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ. ಕಪ್ಪು ಕನ್ಸೋಲ್ ಕಾಣಿಸುವುದು ಬೇಡವೆಂದು ಮೊದಲ ದಿನವೇ .ಪಿವೈಡಬ್ಲ್ಯೂ ಎಂಬ ವಿಸ್ತರಣೆ ಕೊಡುವುದೂ ಬೇಡ. ಬಟನ್ ಒತ್ತಿದಾಗ ಬರುವ ದೋಷಗಳನ್ನು ಟಿಕಿಂಟರ್ ಕನ್ಸೋಲಿಗೆ ಬರೆದು ಸುಮ್ಮನಾಗುತ್ತದೆ. ಕನ್ಸೋಲೇ ಇಲ್ಲದಿದ್ದರೆ ಬಟನ್ ಏನೂ ಮಾಡುತ್ತಿಲ್ಲ ಎಂದಷ್ಟೇ ಕಾಣುತ್ತದೆ.

ಬಾಕ್ಸುಗಳನ್ನು ಕೂರಿಸುವುದು

ಒಂದು ಸಾಲಿನ ಬರಹಕ್ಕೆ ಎಂಟ್ರಿ, ಹಲವು ಸಾಲಿಗೆ ಟೆಕ್ಸ್ಟ್. ಹೆಸರು, ತೂಕ, ದರಕ್ಕೆ ಎಂಟ್ರಿ ಹಾಕಿ. ಷರಾಕ್ಕೆ ಮೂರು ಸಾಲಿನ ಟೆಕ್ಸ್ಟ್ ಇರಲಿ. ‘ಹಸಿರು ಕಾಯಿ ಜಾಸ್ತಿ, ಚೀಲದ ತೂಕ ಕಳೆದಿದೆ’ ಎಂಬಂಥ ಮಾತು ಅಲ್ಲಿಗೆ ಹೋಗುತ್ತದೆ.

ಇಂಪೋರ್ಟ್ ಟಿಕಿಂಟರ್ ಆ್ಯಸ್ ಟಿಕೆ
ಕಿಟಕಿ = ಟಿಕೆ.ಟಿಕೆ()
ಟಿಕೆ.ಲೇಬಲ್(ಕಿಟಕಿ, ಟೆಕ್ಸ್ಟ್="ಹೆಸರು").ಗ್ರಿಡ್(ರೋ=0, ಕಾಲಂ=0)
ಹೆಸರು_ಬಾಕ್ಸ್ = ಟಿಕೆ.ಎಂಟ್ರಿ(ಕಿಟಕಿ, ವಿಡ್ತ್=30)
ಹೆಸರು_ಬಾಕ್ಸ್.ಗ್ರಿಡ್(ರೋ=0, ಕಾಲಂ=1)

ಎರಡನೇ ಸಾಲಿನ ಮೊದಲ ‘ಟಿಕೆ’ ನಾವಿಟ್ಟ ಅಡ್ಡಹೆಸರು, ಪೂರ್ತಿ ಚಿಕ್ಕಕ್ಷರ. ಚುಕ್ಕಿಯ ನಂತರದ್ದು ಕ್ಲಾಸಿನ ಹೆಸರು, ದೊಡ್ಡಕ್ಷರದಿಂದ ಶುರು. ತೂಕ, ದರಗಳನ್ನು ಇದೇ ಥರ 1, 2ನೇ ಸಾಲುಗಳಿಗೆ ಹಾಕಿ. ಷರಾದ ಬಾಕ್ಸನ್ನು ಟಿಕೆ.ಟೆಕ್ಸ್ಟ್(ಕಿಟಕಿ, ವಿಡ್ತ್=30, ಹೈಟ್=3) ಎಂದು ಮಾಡಿ 3ನೇ ಸಾಲಿಗೆ.

ಲೇಬಲಿನ ವಿಷಯದಲ್ಲಿ ಗ್ರಿಡ್ ಒಂದೇ ಸಾಲಿನಲ್ಲಿ ಅಂಟಿಕೊಂಡಿದೆ, ಎಂಟ್ರಿಯ ವಿಷಯದಲ್ಲಿ ಎರಡು ಸಾಲಾಗಿದೆ. ಗ್ರಿಡ್ ಎಂಬ ಆಜ್ಞೆ ತನ್ನ ಕೆಲಸ ಮುಗಿಸಿ ‘ನನ್’ ಎಂಬ ಖಾಲಿ ಮೌಲ್ಯವನ್ನು ಮರಳಿಸುತ್ತದೆ. ಎಂಟ್ರಿಯನ್ನೂ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಹೆಸರು_ಬಾಕ್ಸ್‌ನಲ್ಲಿ ಉಳಿಯುವುದು ಆ ‘ನನ್’. ವಿಂಡೋದಲ್ಲಿ ಬಾಕ್ಸ್ ಚೆನ್ನಾಗಿಯೇ ಕಾಣುತ್ತದೆ, ಓದಲು ಹೋದಾಗ ಮಾತ್ರ ‘ನನ್‌ಟೈಪ್‌ಗೆ ಗೆಟ್ ಎಂಬ ಗುಣವಿಲ್ಲ’ ಎಂಬ ದೋಷ. ಲೇಬಲನ್ನು ಮತ್ತೆ ಯಾರೂ ಕೇಳುವುದಿಲ್ಲವಾದ್ದರಿಂದ ಅದು ಹೇಗಿದ್ದರೂ ನಡೆಯುತ್ತದೆ.

ಇನ್ನೊಂದು: ಒಂದೇ ವಿಂಡೋದೊಳಗೆ ಕೆಲವಕ್ಕೆ ಗ್ರಿಡ್, ಕೆಲವಕ್ಕೆ ಪ್ಯಾಕ್ ಎಂದು ಬೆರೆಸಬಾರದು. ಎರಡೂ ಬೇಕೇಬೇಕೆಂದರೆ ಒಳಗೆ ಒಂದು ಫ್ರೇಮ್ ಹಾಕಿ, ಅದರೊಳಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಯಾವಾಗ ಓದುವುದು

ಕಪ್ಪು ಪರದೆಯ ಪ್ರೋಗ್ರಾಂ ಬರೆದು ರೂಢಿಯಾದವರಿಗೆ ಇನ್‌ಪುಟ್ ಎಂಬ ಆಜ್ಞೆ ಗೊತ್ತು. ಅದು ಪ್ರಶ್ನೆ ಕೇಳಿ, ಎಂಟರ್ ಒತ್ತುವ ತನಕ ಅಲ್ಲೇ ನಿಲ್ಲುತ್ತದೆ. ವಿಂಡೋ ಪ್ರೋಗ್ರಾಂ ಹಾಗೆ ಎಲ್ಲೂ ನಿಲ್ಲುವಂತಿಲ್ಲ, ನಿಂತರೆ ವಿಂಡೋವೇ ಮರಗಟ್ಟುತ್ತದೆ. ಕೊನೆಯ ಸಾಲಿನ ಮೇನ್‌ಲೂಪ್ ಎಂಬ ಆಜ್ಞೆ ಮೌಸಿನ ಒತ್ತು, ಕೀಲಿಯ ಒತ್ತುಗಳನ್ನು ಕಾಯುತ್ತ ಕೂತಿರುತ್ತದೆ, ಒತ್ತಿದಾಗ ಅದಕ್ಕೆ ಗಂಟುಹಾಕಿದ ಫಂಕ್ಷನ್ನನ್ನು ಕರೆಯುತ್ತದೆ. ಬಾಕ್ಸನ್ನು ಓದಬೇಕಾದ ಜಾಗ ಆ ಫಂಕ್ಷನ್ನಿನ ಒಳಗೆ.

ಬಾಕ್ಸ್ ಮಾಡಿದ ಮರುಸಾಲಿನಲ್ಲೇ ಗೆಟ್ ಎಂದು ಬರೆದರೆ ಖಾಲಿ ಪಠ್ಯ ಬರುತ್ತದೆ. ಆ ಸಾಲು ಓಡಿದಾಗ ವಿಂಡೋ ಇನ್ನೂ ಪರದೆಯ ಮೇಲೆ ಬಂದೇ ಇರುವುದಿಲ್ಲ, ಟೈಪಿಸುವವರು ಎಲ್ಲಿಂದ ಬರಬೇಕು? ಮೇನ್‌ಲೂಪಿನ ಕೆಳಗೆ ಬರೆದರೆ ಇನ್ನೊಂದು ತೊಂದರೆ. ಆ ಸಾಲಿಗೆ ಸರದಿ ಬರುವುದು ವಿಂಡೋ ಮುಚ್ಚಿದ ಮೇಲೆ. ಅಷ್ಟರಲ್ಲಿ ಬಾಕ್ಸೂ ಹೋಗಿರುತ್ತದೆ, ‘ಇನ್‌ವ್ಯಾಲಿಡ್ ಕಮಾಂಡ್ ನೇಮ್’ ಎಂಬ ದೋಷ ಬರುತ್ತದೆ.

ಡೆಫ್ ಉಳಿಸು(ಈವೆಂಟ್=ನನ್):
    ಹೆಸರು = ಹೆಸರು_ಬಾಕ್ಸ್.ಗೆಟ್()
    ತೂಕ_ಪಠ್ಯ = ತೂಕ_ಬಾಕ್ಸ್.ಗೆಟ್()
    ದರ_ಪಠ್ಯ = ದರ_ಬಾಕ್ಸ್.ಗೆಟ್()
    ಷರಾ = ಷರಾ_ಬಾಕ್ಸ್.ಗೆಟ್("1.0", "ಎಂಡ್-1ಸಿ")

ಬಟನ್ = ಟಿಕೆ.ಬಟನ್(ಕಿಟಕಿ, ಟೆಕ್ಸ್ಟ್="ಉಳಿಸು", ಕಮಾಂಡ್=ಉಳಿಸು)
ಬಟನ್.ಗ್ರಿಡ್(ರೋ=4, ಕಾಲಂ=1)
ಕಿಟಕಿ.ಮೇನ್‌ಲೂಪ್()

ಕಮಾಂಡ್‌ನ ಮುಂದೆ ಫಂಕ್ಷನ್ನಿನ ಹೆಸರು ಮಾತ್ರ, ಆವರಣ ಚಿಹ್ನೆ ಇಲ್ಲ. ‘ಉಳಿಸು()’ ಎಂದು ಬರೆದರೆ ಬಟನ್ ತಯಾರಾಗುವಾಗಲೇ ಒಮ್ಮೆ ಓಡಿ ಮುಗಿಯುತ್ತದೆ. ಆಮೇಲೆ ಎಷ್ಟು ಒತ್ತಿದರೂ ಮಿಸುಕುವುದಿಲ್ಲ. ಕಲಿಯುವವರ ಪ್ರೋಗ್ರಾಂನಲ್ಲಿ ಅತಿ ಹೆಚ್ಚು ಕಾಣಸಿಗುವ ತಪ್ಪು ಬಹುಶಃ ಇದೇ.

ಟೆಕ್ಸ್ಟ್ ಬಾಕ್ಸಿನ ಗೆಟ್‌ಗೆ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಬೇಕು. "1.0" ಎಂದರೆ ಮೊದಲ ಸಾಲಿನ ಮೊದಲ ಅಕ್ಷರ, ಸಾಲುಗಳ ಎಣಿಕೆ 1ರಿಂದ, ಅಕ್ಷರಗಳದ್ದು 0ಯಿಂದ ಶುರು. ಟೆಕ್ಸ್ಟ್ ಬಾಕ್ಸ್ ಕೊನೆಗೆ ತಾನೇ ಒಂದು ಹೊಸ ಸಾಲಿನ ಗುರುತನ್ನು ಇಟ್ಟುಕೊಂಡಿರುತ್ತದೆ. ‘ಎಂಡ್’ ಎಂದಷ್ಟೇ ಕೊಟ್ಟರೆ ಅದೂ ಬರುತ್ತದೆ, ಷರಾ ಖಾಲಿ ಇದ್ದರೂ ಖಾಲಿ ಅಲ್ಲ ಎಂದು ಲೆಕ್ಕವಾಗುತ್ತದೆ. ‘-1ಸಿ’ ಎಂದರೆ ಒಂದು ಅಕ್ಷರ ಹಿಂದೆ.

ಕಣದಲ್ಲಿ ಕೂತು ಒಂದರ ಹಿಂದೊಂದು ತೂಕ ಬರೆಯುವವರು ಪ್ರತಿ ಸಲ ಮೌಸ್ ಹಿಡಿಯಲಾರರು. ತೂಕ_ಬಾಕ್ಸ್.ಬೈಂಡ್("<ರಿಟರ್ನ್>", ಉಳಿಸು) ಎಂದು ಸೇರಿಸಿದರೆ ಎಂಟರ್ ಒತ್ತಿದರೂ ಸಾಕು. ಬೈಂಡ್ ಮೂಲಕ ಕರೆದಾಗ ಫಂಕ್ಷನ್ನಿಗೆ ಈವೆಂಟ್ ಎಂಬ ಒಂದು ವಸ್ತು ಬರುತ್ತದೆ, ಬಟನ್ ಮೂಲಕ ಕರೆದಾಗ ಏನೂ ಬರುವುದಿಲ್ಲ. ‘ಈವೆಂಟ್=ನನ್’ ಎಂದು ಬರೆದದ್ದು ಎರಡಕ್ಕೂ ಹೊಂದಲಿ ಎಂದು. ಲಿನಕ್ಸ್‌ನಲ್ಲಿ ಅಂಕಿ ಪ್ಯಾಡಿನ ಎಂಟರ್ ಬೇರೆ ಕೀಲಿಯೆಂದು ಎಣಿಕೆ. ಅದಕ್ಕೆ "<ಕೆಪಿ_ಎಂಟರ್>" ಎಂದು ಇನ್ನೊಂದು ಬೈಂಡ್ ಹಾಕಿ. ತೂಕ ಹೊಡೆಯುವವರ ಬಲಗೈ ಇರುವುದೇ ಅಲ್ಲಿ.

ತೂಕವನ್ನು ಅಂಕಿಯಾಗಿಸುವುದು

ಬಾಕ್ಸಿನಿಂದ ಬರುವುದು ಯಾವಾಗಲೂ ಪಠ್ಯ. 62.5 ಎಂದು ಕಂಡರೂ ಅದು ನಾಲ್ಕು ಅಕ್ಷರಗಳ ಸಾಲು. ಅಂಕಿಯಾಗಿಸಲು ಫ್ಲೋಟ್ ಸುಲಭದ ದಾರಿ, ಆದರೆ ಕೂಲಿ ದುಡ್ಡಿನ ಲೆಕ್ಕಕ್ಕೆ ಡೆಸಿಮಲ್ ಒಳ್ಳೆಯದು. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಹೀಗೆ ಮಾಡಿ:

ತೂಕ = ಡೆಸಿಮಲ್(ತೂಕ_ಪಠ್ಯ.ಸ್ಟ್ರಿಪ್())

ಸ್ಟ್ರಿಪ್ ಹಿಂದೆ ಮುಂದೆ ಉಳಿದ ಖಾಲಿ ಜಾಗ ತೆಗೆಯುತ್ತದೆ. ಈ ಸಾಲನ್ನು ಟ್ರೈ ಒಳಗೆ ಹಾಕಿ, ಎಕ್ಸೆಪ್ಟ್‌ನಲ್ಲಿ ಇನ್‌ವ್ಯಾಲಿಡ್ಆಪರೇಷನ್ ಎಂಬ ದೋಷವನ್ನು ಹಿಡಿಯಿರಿ. ಅದನ್ನೂ ಡೆಸಿಮಲ್ ಮಾಡ್ಯೂಲಿನಿಂದಲೇ ಇಂಪೋರ್ಟ್ ಮಾಡಬೇಕು. ಫ್ಲೋಟ್‌ಗೆ ಬರೆದ ‘ಎಕ್ಸೆಪ್ಟ್ ವ್ಯಾಲ್ಯೂಎರರ್’ ಎಂಬ ಹಳೆಯ ಸಾಲನ್ನೇ ಇಲ್ಲಿ ಉಳಿಸಿಕೊಂಡರೆ ಬಲೆ ತೂತಾಗಿರುತ್ತದೆ, ಡೆಸಿಮಲ್‌ನ ದೋಷ ಆ ಜಾತಿಯದ್ದಲ್ಲ.

ದೋಷ ಬರಲಿಲ್ಲ ಎಂದ ಮಾತ್ರಕ್ಕೆ ತೂಕ ಸರಿಯಿದೆ ಎಂದಲ್ಲ. ಇಂಗ್ಲಿಷಿನ ಎನ್, ಎ, ಎನ್ ಎಂಬ ಮೂರು ಅಕ್ಷರ ಟೈಪಿಸಿದರೆ ಫ್ಲೋಟ್ ಆಗಲಿ ಡೆಸಿಮಲ್ ಆಗಲಿ ಅದನ್ನು ‘ಅಂಕಿಯಲ್ಲದ ಅಂಕಿ’ ಎಂದು ಒಪ್ಪಿಕೊಂಡುಬಿಡುತ್ತದೆ. ಆದ್ದರಿಂದ ಮೊದಲು ತೂಕ.ಈಸ್_ಫೈನೈಟ್() ನೋಡಿ, ಆಮೇಲೆ ಮಿತಿ ನೋಡಿ. ಈ ಕ್ರಮ ತಿರುಗುಮುರುಗಾದರೆ ಹೋಲಿಸುವ ಸಾಲಿನಲ್ಲೇ ಹೊಸ ದೋಷ ಏಳುತ್ತದೆ. ಮಿತಿಯೆಂದರೆ ಸೊನ್ನೆಗಿಂತ ಜಾಸ್ತಿ, ಒಂದು ಸಲದ ತೂಕಕ್ಕೆ 200 ಕೆಜಿಗಿಂತ ಕಡಿಮೆ, ಅಥವಾ ನಿಮ್ಮ ತೋಟಕ್ಕೆ ಒಪ್ಪುವ ಇನ್ನೊಂದು ಅಂಕಿ. 62.5ರ ಚುಕ್ಕಿ ಬಿಟ್ಟುಹೋಗಿ 625 ಆದದ್ದನ್ನು ಹಿಡಿಯುವುದು ಈ ಮಿತಿಯೊಂದೇ. ಕೆಜಿಗೆ 5 ರೂಪಾಯಿಯಂತೆ ಹಿಡಿದರೂ 312 ರೂಪಾಯಿ 50 ಪೈಸೆಯ ಜಾಗದಲ್ಲಿ 3,125 ರೂಪಾಯಿ ಹೋಗುತ್ತದೆ.

ಅಲ್ಪವಿರಾಮದ ವಿಷಯದಲ್ಲಿ ಜಾಣತನ ಬೇಡ. ‘1,250 ಎಂದು ಬರೆಯುವವರಿರುತ್ತಾರೆ, ಅಲ್ಪವಿರಾಮ ಕಿತ್ತುಹಾಕೋಣ’ ಎನ್ನಿಸುತ್ತದೆ. ಕೀಬೋರ್ಡಿನಲ್ಲಿ ಅಲ್ಪವಿರಾಮ, ಚುಕ್ಕಿ ಅಕ್ಕಪಕ್ಕ ಇವೆ. 62.5 ಹೊಡೆಯಲು ಹೋಗಿ 62,5 ಬಿದ್ದರೆ, ಕಿತ್ತ ಮೇಲೆ ಅದು 625. ತೂಕದ ಬಾಕ್ಸಿನಲ್ಲಿ ಅಲ್ಪವಿರಾಮ ಬಂದರೆ ತಪ್ಪೆಂದು ಹೇಳಿ ಮತ್ತೆ ಬರೆಸುವುದೇ ಸರಿ.

ಕನ್ನಡ ಅಂಕಿಗಳ ಬಗ್ಗೆ ಖುಷಿಯ ಸಂಗತಿ ಇದೆ. ೬೨.೫ ಎಂದು ಬರೆದರೂ ಪೈಥಾನ್‌ನ ಇಂಟ್, ಫ್ಲೋಟ್, ಡೆಸಿಮಲ್ ಮೂರೂ ಸರಿಯಾಗಿ ಓದಿಕೊಳ್ಳುತ್ತವೆ. ಆದರೆ ಫೈಲಿಗೆ ಬರೆಯುವಾಗ ಮೂಲ ಪಠ್ಯವನ್ನು ಹಾಗೇ ಬರೆಯಬೇಡಿ, ಪರಿವರ್ತಿಸಿದ ಅಂಕಿಯನ್ನು ಬರೆಯಿರಿ. ಎಕ್ಸೆಲ್‌ಗೆ ೬೨.೫ ಬರೀ ಅಕ್ಷರ, ಮೊತ್ತ ಹಾಕಿದರೆ ಸೇರುವುದಿಲ್ಲ.

ಅಂಕಿಯಲ್ಲದ ಕೀಲಿ ಒತ್ತಲಿಕ್ಕೇ ಬಿಡಬಾರದು ಎನ್ನುವವರಿಗೆ ಎಂಟ್ರಿಯಲ್ಲೇ ತಡೆಯಿದೆ. ವ್ಯಾಲಿಡೇಟ್="ಕೀ" ಎಂದು ಕೊಟ್ಟು, ವ್ಯಾಲಿಡೇಟ್‌ಕಮಾಂಡ್‌ಗೆ ಕಿಟಕಿ.ರಿಜಿಸ್ಟರ್ ಮಾಡಿದ ಫಂಕ್ಷನ್ ಮತ್ತು ಶೇಕಡಾ ಚಿಹ್ನೆಗೆ ಅಂಟಿದ ದೊಡ್ಡಕ್ಷರದ ‘ಪಿ’ ಕೊಡಬೇಕು. ಆ ಪಿ ಎಂದರೆ ಈ ಕೀಲಿ ಒಪ್ಪಿದರೆ ಬಾಕ್ಸಿನಲ್ಲಿ ಉಳಿಯುವ ಪೂರ್ತಿ ಪಠ್ಯ. ಫಂಕ್ಷನ್ ಟ್ರೂ ಅಥವಾ ಫಾಲ್ಸ್ ಮರಳಿಸಲೇಬೇಕು. ಯಾವುದೋ ಕವಲಿನಲ್ಲಿ ಮರೆತು ಏನೂ ಮರಳಿಸದಿದ್ದರೆ ಟಿಕೆ (ಟಿಕಿಂಟರಿನ ಅಡಿಯಲ್ಲಿ ಕೆಲಸ ಮಾಡುವ ಮೂಲ ಲೈಬ್ರರಿ) ಆ ಬಾಕ್ಸಿನ ಕಾವಲನ್ನೇ ತೆಗೆದುಬಿಡುತ್ತದೆ. ಖಾಲಿ ಪಠ್ಯಕ್ಕೂ ಟ್ರೂ ಎನ್ನಬೇಕು, ಇಲ್ಲದಿದ್ದರೆ ಕೊನೆಯ ಅಂಕಿಯನ್ನು ಅಳಿಸಲು ಆಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ‘ಉಳಿಸು’ ಒಳಗಿನ ಪರೀಕ್ಷೆಯನ್ನು ಬಿಡುವಂತಿಲ್ಲ. ಹಾಗಾಗಿ ಚಿಕ್ಕ ಪ್ರೋಗ್ರಾಂಗೆ ಈ ತಡೆ ಅಷ್ಟೇನೂ ಬೇಕಿಲ್ಲ.

ತೂಕಕ್ಕೆ ಡಬಲ್‌ವೇರ್ ಎಂಬ ಚರವನ್ನು ಜೋಡಿಸುವ ರೂಢಿಯೂ ಇದೆ. ನೋಡಲು ಚಂದ, ಆದರೆ ಬಾಕ್ಸ್ ಖಾಲಿಯಿದ್ದಾಗ ಅದರ ಗೆಟ್ ದೋಷ ಎಸೆಯುತ್ತದೆ. ಪಠ್ಯವಾಗಿ ತೆಗೆದುಕೊಂಡು ನೀವೇ ಪರಿವರ್ತಿಸಿದರೆ ಏನು ತಪ್ಪಾಗಿದೆಯೆಂದು ಕನ್ನಡದಲ್ಲಿ ಹೇಳಬಹುದು.

ಹೆಸರು, ಅಂದರೆ ಕನ್ನಡ ಅಕ್ಷರ

ತೂಕಕ್ಕಿಂತ ಹೆಸರೇ ಹೆಚ್ಚು ಕಾಟ ಕೊಡುತ್ತದೆ. ಪೈಥಾನ್ ಎಣಿಸುವುದು ಯುನಿಕೋಡ್ ಸಂಕೇತಗಳನ್ನು, ನಾವು ಎಣಿಸುವುದು ಅಕ್ಷರಗಳನ್ನು. ‘ಚಿಕ್ಕಮಗಳೂರು’ ನಮಗೆ ಆರು ಅಕ್ಷರ. ಉದ್ದ ಎಣಿಸುವ ಲೆನ್ ಆಜ್ಞೆಯನ್ನು ಕೇಳಿದರೆ 11 ಎನ್ನುತ್ತದೆ. ಗುಣಿತದ ಚಿಹ್ನೆ, ಅರ್ಧಾಕ್ಷರದ ಹಲಂತ ಎಲ್ಲವೂ ಬೇರೆಬೇರೆ ಸಂಕೇತ. ‘ಹೆಸರು 10 ಅಕ್ಷರ ಮೀರಬಾರದು’ ಎಂದು ಮಿತಿ ಹಾಕಿ, ಮೀರಿದ್ದನ್ನು ಕತ್ತರಿಸಿದರೆ ಒತ್ತಕ್ಷರದ ನಡುವೆಯೇ ಕತ್ತರಿ ಬೀಳಬಹುದು.

ಕಣ್ಣಿಗೆ ಒಂದೇ ಕಾಣುವ ಎರಡು ಹೆಸರು ಒಳಗೆ ಬೇರೆಯಾಗಿರಬಹುದು. ‘ೋ’ ಒಂದೇ ಸಂಕೇತವಾಗಿ ಬರಬಹುದು, ‘ೊ’ ಮತ್ತು ದೀರ್ಘದ ಗುರುತು ಸೇರಿ ಎರಡಾಗಿಯೂ ಬರಬಹುದು. ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಆಜ್ಞೆಗೆ "ಎನ್‌ಎಫ್‌ಸಿ" ಎಂದು ಕೊಟ್ಟರೆ ಇದು ಸರಿಹೋಗುತ್ತದೆ. ಅದಕ್ಕೂ ಸಿಗದೆ ಉಳಿಯುವುದು ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಅಗೋಚರ ಸಂಕೇತ. ಅರ್ಧಾಕ್ಷರ ಒತ್ತಾಗದಂತೆ ತಡೆಯಲು ನಾವು ಹಾಕುವುದು ಅದನ್ನೇ. ಸ್ಟ್ರಿಪ್‌ಗೆ ಅದು ಖಾಲಿ ಜಾಗವಲ್ಲವಾದ್ದರಿಂದ ಮುಟ್ಟುವುದಿಲ್ಲ. ಉಳಿಸುವ ಹೆಸರಿನಲ್ಲಿ ಅದು ಇರಲಿ. ಇಬ್ಬರೂ ಒಬ್ಬರೇ ಎಂದು ಹೋಲಿಸುವಾಗ ಮಾತ್ರ ರಿಪ್ಲೇಸ್‌ನಿಂದ ತೆಗೆದು ಹೋಲಿಸಿ. (ನೀವಿಡುವ ಚರಗಳ ಕನ್ನಡ ಹೆಸರಿನಲ್ಲಿ ಇದು ನುಸುಳಿದರೆ ಪೈಥಾನ್ ಪ್ರೋಗ್ರಾಂ ಓಡಿಸುವುದೇ ಇಲ್ಲ.) ನಡುವಿನ ಎರಡೆರಡು ಖಾಲಿ ಜಾಗಗಳಿಗೆ ಮದ್ದು: " ".ಜಾಯ್ನ್(ಹೆಸರು.ಸ್ಪ್ಲಿಟ್()).

ಇಷ್ಟು ಮಾಡಿದರೂ ಲಕ್ಷ್ಮಿ ಬೇರೆ, ಲಕ್ಷ್ಮೀ ಬೇರೆ. ಒಂದೇ ಲೈನಿನಲ್ಲಿ (ತೋಟದ ಕೆಲಸದವರ ಮನೆಗಳ ಸಾಲಿನಲ್ಲಿ) ಇಬ್ಬರು ಲಕ್ಷ್ಮಿಯರೂ ಇರುತ್ತಾರೆ. ಆದ್ದರಿಂದ ದಿನದಿನದ ಬಳಕೆಗೆ ಹೆಸರು ಟೈಪಿಸುವ ಬಾಕ್ಸನ್ನೇ ತೆಗೆದು, ಟಿಕಿಂಟರಿನ ಟಿಟಿಕೆ ಎಂಬ ಭಾಗದಲ್ಲಿರುವ ಕಾಂಬೋಬಾಕ್ಸ್ (ಪಟ್ಟಿಯಿಂದ ಆರಿಸುವ ಬಾಕ್ಸ್) ಇಟ್ಟು, ಸ್ಟೇಟ್="ರೀಡ್‌ಓನ್ಲಿ" ಮಾಡಿ, ಚೆಕ್‌ರೋಲ್ (ಹಾಜರಿ ಪುಸ್ತಕ) ನಂಬರಿನೊಡನೆ ಹೆಸರುಗಳ ಪಟ್ಟಿ ಕೊಡುವುದು ಮೇಲು. ಓದುವುದು ಅದೇ ಗೆಟ್‌ನಿಂದ.

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪಿಸುವವರು ಯುನಿಕೋಡ್ ಆಯ್ಕೆಯಲ್ಲಿ ಇರಬೇಕು. ಹಳೆಯ ಆಸ್ಕಿ ಫಾಂಟಿನ ವಿಧಾನದಲ್ಲಿ ಒಳಗೆ ಸೇರುವುದು ಇಂಗ್ಲಿಷ್ ಮತ್ತು ವಿಚಿತ್ರ ಚಿಹ್ನೆಗಳು. ಆ ಫಾಂಟು ಹೊದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತವೆ. ಎಂಟ್ರಿಯ ಫಾಂಟಿಗೆ ವಿಂಡೋಸ್‌ನಲ್ಲಿ ನಿರ್ಮಲಾ ಯುಐ, 12ರ ಗಾತ್ರ ಕೊಟ್ಟರೆ ಒತ್ತಕ್ಷರಗಳು ಓದುವಂತೆ ಬರುತ್ತವೆ. ಲಿನಕ್ಸ್‌ನಲ್ಲಿ ಟಿಕೆ 8.6 ಒತ್ತಕ್ಷರಗಳನ್ನು ಕೂಡಿಸಿ ತೋರಿಸುವುದಿಲ್ಲ, ಬಿಡಿಬಿಡಿಯಾಗಿ ಬರುತ್ತವೆ. ಫೈಲಿನಲ್ಲಿ ಮಾಹಿತಿ ಸರಿಯಾಗಿಯೇ ಇರುತ್ತದೆ. ಆದರೂ ರೈಟರಿಗೆ ತಮ್ಮ ಹೆಸರೇ ಮುರಿದು ಕಾಣುವುದು ಬೇಡವೆಂದರೆ ಅಲ್ಲಿ ಕ್ಯೂಟಿ ಎಂಬ ಬೇರೆ ವಿಂಡೋ ಲೈಬ್ರರಿ ಬಳಸಿ. ಅದರಲ್ಲಿ ಬಾಕ್ಸ್ ಕ್ಯೂಲೈನ್‌ಎಡಿಟ್, ಓದುವ ಆಜ್ಞೆ ಗೆಟ್ ಬದಲು ಟೆಕ್ಸ್ಟ್. ಉಳಿದ ತರ್ಕವೆಲ್ಲ ಇದೇ.

ತಪ್ಪು ಹೇಳುವುದು, ಉಳಿಸುವುದು

ತಪ್ಪು ಕಂಡರೆ ಮೆಸೇಜ್‌ಬಾಕ್ಸ್‌ನ ಶೋಎರರ್‌ನಲ್ಲಿ ಯಾವ ಬಾಕ್ಸ್, ಏನು ಬೇಕು ಎಂದು ಬರೆಯಿರಿ: ‘ತೂಕದಲ್ಲಿ ಅಂಕಿ ಮಾತ್ರ ಇರಲಿ, ಉದಾಹರಣೆಗೆ 62.5’. ಮುಂದಿನ ಸಾಲಿನಲ್ಲಿ ತೂಕ_ಬಾಕ್ಸ್.ಫೋಕಸ್_ಸೆಟ್(), ಅದರ ಕೆಳಗೆ ರಿಟರ್ನ್. ರಿಟರ್ನ್ ಮರೆತರೆ ತಪ್ಪನ್ನು ಹೇಳಿಯೂ ಪ್ರೋಗ್ರಾಂ ಮುಂದಕ್ಕೆ ಹೋಗುತ್ತದೆ. ತಪ್ಪು ಬರೆದದ್ದನ್ನು ಅಳಿಸಿಹಾಕಬೇಡಿ. ಒಂದು ಚುಕ್ಕಿ ಸರಿಮಾಡಲು ಎಲ್ಲವನ್ನೂ ಮತ್ತೆ ಬರೆಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಸರಿಯಿದ್ದರೆ ಸಿಎಸ್‌ವಿ ಫೈಲಿಗೆ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಒಂದು ಸಾಲು. ಫೈಲನ್ನು ಸೇರಿಸುವ ವಿಧಾನದಲ್ಲಿ ತೆರೆಯಿರಿ, ನ್ಯೂಲೈನ್="" ಮತ್ತು ಎನ್‌ಕೋಡಿಂಗ್="ಯುಟಿಎಫ್-8-ಸಿಗ್" ಎರಡನ್ನೂ ಕೊಡಿ. ನ್ಯೂಲೈನ್ ಬಿಟ್ಟರೆ ವಿಂಡೋಸ್‌ನಲ್ಲಿ ಸಾಲು ಬಿಟ್ಟು ಸಾಲು ಖಾಲಿ. ಎನ್‌ಕೋಡಿಂಗ್ ಬಿಟ್ಟರೆ ವಿಂಡೋಸ್‌ನ ಹಳೆಯ ಪೂರ್ವನಿಯೋಜಿತ ಎನ್‌ಕೋಡಿಂಗ್‌ಗೆ ಕನ್ನಡ ತಿಳಿಯದೆ ‘ಚಾರ್‌ಮ್ಯಾಪ್’ ಎಂಬ ದೋಷ. ‘ಸಿಗ್’ ಎನ್ನುವುದು ಫೈಲಿನ ಶುರುವಿಗೆ ಒಂದು ಗುರುತು ಇಡುತ್ತದೆ. ಅದಿಲ್ಲದಿದ್ದರೆ ಎಕ್ಸೆಲ್ ಡಬಲ್ ಕ್ಲಿಕ್‌ನಲ್ಲಿ ತೆರೆದಾಗ ಹೆಸರುಗಳೆಲ್ಲ ಚಿತ್ರವಿಚಿತ್ರ. ಎಕ್ಸೆಲ್‌ನಲ್ಲಿ ಆ ಫೈಲ್ ತೆರೆದೇ ಇದ್ದರೆ ವಿಂಡೋಸ್ ಬರೆಯಲು ಬಿಡುವುದಿಲ್ಲ, ಪರ್ಮಿಷನ್‌ಎರರ್ ಬರುತ್ತದೆ. ಅದನ್ನೂ ಹಿಡಿದು ‘ಎಕ್ಸೆಲ್ ಮುಚ್ಚಿ ಮತ್ತೆ ಒತ್ತಿ’ ಎಂದು ಹೇಳಿ.

ಪ್ರತಿ ಒತ್ತಿಗೂ ಫೈಲ್ ತೆರೆದು, ಬರೆದು, ಮುಚ್ಚಿ. ದಿನದ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡು ಸಂಜೆ ಒಟ್ಟಿಗೆ ಬರೆಯುವ ಯೋಚನೆ ಮಲೆನಾಡಿನ ಕರೆಂಟನ್ನು ನಂಬಿದಂತೆ.

ಫೈಲಿಗೆ ಬಿದ್ದ ಮೇಲೆ ಮಾತ್ರ ಬಾಕ್ಸುಗಳನ್ನು ಖಾಲಿ ಮಾಡಿ. ಎಂಟ್ರಿಗೆ ಡಿಲೀಟ್(0, "ಎಂಡ್"), ಟೆಕ್ಸ್ಟ್‌ಗೆ ಡಿಲೀಟ್("1.0", "ಎಂಡ್"). ದರವನ್ನು ಅಳಿಸಬೇಡಿ, ಅದು ಸಂಜೆಯವರೆಗೂ ಒಂದೇ. ಕರ್ಸರನ್ನು ಹೆಸರಿನ ಬಾಕ್ಸಿಗೆ ತನ್ನಿ.

ಕೈಗೆ ಕೊಡುವ ಮೊದಲು

ಇವನ್ನು ಒಂದೊಂದಾಗಿ ಹೊಡೆದು ನೋಡಿ: ಎಲ್ಲ ಖಾಲಿ, ಹೆಸರಿನಲ್ಲಿ ಬರೀ ಸ್ಪೇಸ್, ತೂಕದಲ್ಲಿ 62.5, ೬೨.೫, 62,5, 625, -5, 0, ‘62.5 ಕೆಜಿ’, ಮತ್ತೆ ಆ ಎನ್-ಎ-ಎನ್. ಮೊದಲ ಎರಡು ತೂಕ ಮಾತ್ರ ಒಳಗೆ ಹೋಗಬೇಕು. ಆಮೇಲೆ ವಾಟ್ಸ್‌ಆ್ಯಪ್‌ನಿಂದ ಎರಡು ಸಾಲಿನ ಹೆಸರೊಂದನ್ನು ಕಾಪಿ ಮಾಡಿ ಎಂಟ್ರಿಯಲ್ಲಿ ಪೇಸ್ಟ್ ಮಾಡಿ, ಉಳಿಸಿ, ಸಿಎಸ್‌ವಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಹೆಸರು ಎರಡು ಸಾಲಾಗಿ ಒಡೆದಿದ್ದರೆ ಸ್ಪ್ಲಿಟ್-ಜಾಯ್ನ್ ಸಾಲು ಎಲ್ಲೋ ಬಿಟ್ಟುಹೋಗಿದೆ.